ಎರಡು ತೂತಿನ ಡಬ್ಬಿ

ಜನವರಿ 9

ಪ್ರೀತಿಯ ತಮ್ಮ,

ಹನ್ನೊಂದು ಸಲ ಫೋನು ಮಾಡಿದೆ, ನೀನು ಎತ್ತಲಿಲ್ಲ. ಆಮೇಲೆ ‘ಪತ್ರ ಬರಿ ಅಕ್ಕ’ ಎಂದು ಒಂದು ಸಾಲಿನ ಮೆಸೇಜು ಬಂತು. ದೊಡ್ಡ ನಾಟಕ ಮಂದಿರದ ಸೌಂಡ್ ಇಂಜಿನಿಯರು, ಪುರುಸೊತ್ತಿರಲಿಕ್ಕಿಲ್ಲ ಎಂದುಕೊಂಡು ಸುಮ್ಮನಾದೆ. ಇಷ್ಟು ದೊಡ್ಡ ವಿಷಯವನ್ನು ಫೋನಿನ ಆ ಚಿಕ್ಕ ಅಕ್ಷರಗಳ ಮೇಲೆ ಒತ್ತುವುದು ನನ್ನ ಹೆಬ್ಬೆರಳಿನಿಂದ ಆಗುವ ಕೆಲಸವಲ್ಲ. ಹಾಗಾಗಿ ಈ ಪತ್ರ.

ಬಸ್ ನಿಲ್ದಾಣದಲ್ಲಿ ನನ್ನ ಕೆಲಸ ಹೋಯಿತು. ಇಪ್ಪತ್ತೆರಡು ವರ್ಷ ‘ಪ್ರಯಾಣಿಕರ ಗಮನಕ್ಕೆ’ ಎಂದ ಬಾಯಿಗೆ ಬೀಗ ಬಿತ್ತು. ಈಗ ಅಲ್ಲಿ ಒಂದು ಯಂತ್ರ ಮಾತಾಡುತ್ತದೆ. ‘ಮೂರನೇ’ ಎಂದು ಹೇಳಿ, ಯಾರಿಗೋ ಶ್ರದ್ಧಾಂಜಲಿ ಸಲ್ಲಿಸುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ‘ಅಂಕಣ’ ಎನ್ನುತ್ತದೆ. ಅಷ್ಟರಲ್ಲಿ ಬಸ್ಸೇ ಹೊರಟಿರುತ್ತದೆ. ನನ್ನನ್ನು ಬೀಳ್ಕೊಡುವಾಗ ನನ್ನ ಹಳೇ ಮೈಕನ್ನೇ ಬಟ್ಟೆಯಲ್ಲಿ ಸುತ್ತಿ ಉಡುಗೊರೆಯಾಗಿ ಕೊಟ್ಟರು. ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಈಗ ಒಂದು ಸಂಸ್ಥೆಯವರು ಕಣ್ಣು ಕಾಣದ ಮಕ್ಕಳಿಗಾಗಿ ಪಾಠಗಳನ್ನು ಓದಿಸಿ ರೆಕಾರ್ಡ್ ಮಾಡಿಸುತ್ತಿದ್ದಾರೆ. ವರ್ಷವಿಡೀ ಕೆಲಸ, ಮನೆಯಲ್ಲೇ ಕೂತು ಓದಿ ಕಳಿಸಬೇಕು. ಮಾರ್ಚ್ ಹದಿನೈದರೊಳಗೆ ಹತ್ತು ನಿಮಿಷದ ಮಾದರಿ ಅವರಿಗೆ ಮುಟ್ಟಬೇಕು, ಹಿಂದುಗಡೆ ಸೊಳ್ಳೆಯ ಸದ್ದೂ ಇರಕೂಡದು. ಈ ಕೆಲಸ ನನಗೆ ಬೇಕೇ ಬೇಕು. ಐವತ್ಮೂರನೇ ವಯಸ್ಸಿಗೆ ಬಾಯಿ ಮುಚ್ಚಿಕೊಂಡು ಕೂರುವವಳು ನಾನಲ್ಲ.

ನನ್ನ ಮೈಕಿನ ಬಾಲಕ್ಕೆ ದುಂಡನೆಯ ಮೂರು ಮುಳ್ಳಿನ ಪ್ಲಗ್ಗು. ಲ್ಯಾಪ್‌ಟಾಪಿಗೆ ಅಂಥ ತೂತೇ ಇಲ್ಲ. ನಡುವೆ ಒಂದು ಡಬ್ಬಿ ಬೇಕಂತೆ, ಆಡಿಯೋ ಇಂಟರ್‌ಫೇಸ್ ಅಂತ. ಅಂಗಡಿಯವನು ಮೂರು ಡಬ್ಬಿ ಸಾಲಾಗಿ ಇಟ್ಟ. ಕೆಂಪಿನದಕ್ಕೆ ಮೈಕು ಸಿಕ್ಕಿಸಲು ಒಂದೇ ತೂತು. ಕಪ್ಪಿನದಕ್ಕೆ ಎರಡು. ಮೂರನೆಯದಕ್ಕೆ ಎಷ್ಟು ಗುಂಡಿಗಳಿದ್ದವೆಂದರೆ ಅದರಲ್ಲಿ ವಿಮಾನ ಹಾರಿಸಬಹುದಿತ್ತು, ಬೆಲೆಯೂ ಅಷ್ಟೇ ಎತ್ತರದಲ್ಲಿ ಹಾರುತ್ತಿತ್ತು, ಅದನ್ನು ಬಿಟ್ಟೆ. ‘ನಿಮ್ದು ಡೈನಮಿಕ್ಕಾ ಕಂಡೆನ್ಸರ್ರಾ ಮೇಡಂ’ ಎಂದು ಕೇಳಿದ. ‘ನಂದು ಬಸ್ ಸ್ಟ್ಯಾಂಡಿಂದು’ ಎಂದೆ. ಆಮೇಲೆ ನಲವತ್ತೆಂಟು ವೋಲ್ಟಿನ ಒಂದು ಗುಂಡಿ ತೋರಿಸಿದ. ತುಟಿಯ ಹತ್ತಿರ ಇಟ್ಟುಕೊಂಡು ಮಾತಾಡುವ ವಸ್ತುವಿಗೆ ನಲವತ್ತೆಂಟು ವೋಲ್ಟು ಯಾಕೆ? ತಲೆ ಕೆಟ್ಟು ಮನೆಗೆ ಬಂದೆ.

ಯಾವುದು ಕೊಳ್ಳಲಿ ಹೇಳು. ಒಂದೇ ಸಲ ಕೊಳ್ಳಬಲ್ಲೆ. ದೂರದಿಂದ ಬರುವ ಬಸ್ಸಿನ ಸದ್ದು ಕೇಳಿಯೇ ಯಾವ ಡ್ರೈವರು ಎಂದು ಹೇಳುತ್ತಿದ್ದೆ ನೀನು, ಅದಕ್ಕೇ ಅಲ್ಲವೇ ನಿನಗೆ ಮೊಲ ಎಂದು ಹೆಸರಿಟ್ಟದ್ದು. ಆ ಕಿವಿಯ ಮೇಲೆ ನನಗೆ ನಂಬಿಕೆ ಇದೆ.

ನಿನ್ನ ಅಕ್ಕ

*

ಜನವರಿ 20

ಅಕ್ಕನಿಗೆ ನಮಸ್ಕಾರ.

ಕೆಲಸದ ವಿಷಯ ಓದಿ ಬೇಜಾರಾಯಿತು. ಆದರೆ ಹೊಸ ಕೆಲಸ ನಿನಗೆ ಹೇಳಿ ಮಾಡಿಸಿದ ಹಾಗಿದೆ.

ಕೆಂಪು ಡಬ್ಬಿ ಸಾಕು. ನಿನಗಿರುವುದು ಒಂದೇ ಬಾಯಿ, ಎರಡು ತೂತು ಏನು ಮಾಡುತ್ತೀ? ನಿನ್ನ ಮೈಕು ಡೈನಮಿಕ್ ಜಾತಿಯದು, ಅದಕ್ಕೆ ಆ ನಲವತ್ತೆಂಟು ವೋಲ್ಟು ಬೇಡ, ಗುಂಡಿ ಮುಟ್ಟಬೇಡ. ಮುಟ್ಟಿದರೂ ನಿನಗೆ ಶಾಕ್ ಹೊಡೆಯುವುದಿಲ್ಲ. ಆದರೆ ಆ ಜಾತಿಯ ಮೈಕು ದನಿಯನ್ನು ಸಣ್ಣದಾಗಿ ಕೊಡುತ್ತದೆ. ಡಬ್ಬಿ ಅದನ್ನು ಎತ್ತಬೇಕು. ಎತ್ತುವ ಶಕ್ತಿಗೆ ಗೇನ್ ಎನ್ನುತ್ತಾರೆ. ಅಗ್ಗದ ಡಬ್ಬಿಗಳು ಪೂರ್ತಿ ಎತ್ತಿದಾಗ ಸುಯ್ ಎಂದು ಹಾವಿನ ಹಾಗೆ ಉಸಿರು ಬಿಡುತ್ತವೆ. ಅಷ್ಟೇ ನೋಡಬೇಕಾದದ್ದು. ಬೇಡವಾದರೆ ಬದಲಾಯಿಸಿ ಕೊಡುವ ಮಾತಿನ ಮೇಲೆ ತೆಗೆದುಕೋ.

ಏನಾದರೂ ಓದಿ ರೆಕಾರ್ಡ್ ಮಾಡಿ ಮೆಮೊರಿ ಕಾರ್ಡಿಗೆ ಹಾಕಿ ಕಳಿಸು. ಜೊತೆಗೆ, ಓದಿದ್ದನ್ನು ಒಂದು ಹಾಳೆಯಲ್ಲಿ ಪೂರ್ತಿ ಬರೆದು ಕಳಿಸು. ಎಷ್ಟನೇ ನಿಮಿಷಕ್ಕೆ ಯಾವ ಸಾಲು ಎಂದು ಪಕ್ಕದಲ್ಲಿ ಗುರುತು ಹಾಕು. ಪರೀಕ್ಷಿಸಲು ಅನುಕೂಲ.

ಇಲ್ಲಿ ನಾಟಕ ಮಂದಿರದ ಗಲಾಟೆಯಲ್ಲಿ ಫೋನು ಎತ್ತಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡ. ಭಾವನಿಗೆ ನಮಸ್ಕಾರ ಹೇಳು, ಅವರ ಗಡಿಯಾರಗಳು ಕ್ಷೇಮವೇ?

ನಿನ್ನ ತಮ್ಮ

*

ಫೆಬ್ರವರಿ 2

ತಮ್ಮ,

ಕೆಂಪು ಡಬ್ಬಿ ಮನೆಗೆ ಬಂದಿದೆ. ಒಂದು ವಾರದಿಂದ ಅದಕ್ಕೂ ನನಗೂ ಜಗಳ. ಹಸಿರು ದೀಪ ಹತ್ತಿದರೆ ಸರಿಯಂತೆ, ಕೆಂಪು ಹತ್ತಿದರೆ ಜೋರಾಯಿತಂತೆ. ನಾನು ಬಾಯಿ ಬಿಟ್ಟರೆ ಕೆಂಪು, ಮುಚ್ಚಿದರೆ ಕತ್ತಲೆ, ನಡುವಿನ ಹಸಿರು ಎಲ್ಲಿದೆಯೋ ಕಾಣೆ. ಹೆಡ್‌ಫೋನು ಹಾಕಿಕೊಂಡರೆ ನಾನಾಡಿದ ಮಾತು ನನಗೇ ಸ್ವಲ್ಪ ತಡವಾಗಿ ಕೇಳಿಸುತ್ತದೆ. ಹಿಂದೆ ಇನ್ನೊಬ್ಬ ಹೆಂಗಸು ನಿಂತು ನನ್ನನ್ನು ಅಣಕಿಸಿದ ಹಾಗೆ. ಎರಡು ಸಲ ತಿರುಗಿಯೂ ನೋಡಿದೆ.

ನಿನ್ನ ಭಾವ ಗಡಿಯಾರ ರಿಪೇರಿಗೆಂದು ಹಜಾರ ಬಿಟ್ಟುಕೊಡುವುದಿಲ್ಲ. ಗೋಡೆಯ ತುಂಬಾ ಮೂವತ್ತೇಳು ಗಡಿಯಾರ. ಹಾಗಾಗಿ ಒಳಕೋಣೆಯಲ್ಲಿ ಬಟ್ಟೆಯ ಬೀರು ತೆರೆದು, ಮಡಿಸಿಟ್ಟ ಕಂಬಳಿಗಳ ನಡುವೆ ಮುಖ ತೂರಿಸಿ ಓದಿದ್ದೇನೆ. ಬಟ್ಟೆ ಒಗೆಯುವ ಯಂತ್ರದ ಕೈಪಿಡಿ, ಎಂಟು ನಿಮಿಷ. ಕಾರ್ಡನ್ನೂ ಹಾಳೆಯನ್ನೂ ಇದರೊಳಗೆ ಇಟ್ಟಿದ್ದೇನೆ. ಹಾಳೆ ಯಾಕೆ ಬೇಕಿತ್ತೋ ನಿನಗೇ ಗೊತ್ತು. ನನ್ನ ಉಚ್ಚಾರಣೆ ತಿಳಿಯದಷ್ಟು ಕೆಟ್ಟಿದೆಯೇ?

ನನಗಂತೂ ಹಿಂದುಗಡೆ ಯಾವ ಸದ್ದೂ ಕೇಳಿಸಲಿಲ್ಲ. ನಿನ್ನ ಭಾವನೂ ಕೇಳಿ ‘ಚೊಕ್ಕವಾಗಿದೆ’ ಎಂದರು.

ಇನ್ನೊಂದು ಮಾತು. ಡಬ್ಬಿ ಹಾಳಾಗಿ ಹೋಗಲಿ, ನನ್ನ ದನಿ ಹೇಗಿದೆ? ಅದನ್ನು ಹೇಳು. ನೀನು ಚೆನ್ನಾಗಿದೆ ಎಂದರೆ ನಂಬುತ್ತೇನೆ, ಇಲ್ಲ ಎಂದರೂ ನಂಬುತ್ತೇನೆ. ಬೇರೆ ಯಾರ ಮಾತೂ ನನಗೆ ಬೇಡ.

ಪತ್ರದ ಕೊನೆಗೆ ‘ಮೊಲ’ ಎಂದು ಸಹಿ ಹಾಕುತ್ತಿದ್ದವನು ಈಗ ‘ತಮ್ಮ’ ಎಂದು ಯಾಕೆ ಹಾಕಿದೆ? ದೊಡ್ಡವನಾದೆಯೇನೋ.

ಅಕ್ಕ

*

ಫೆಬ್ರವರಿ 11

ಅಕ್ಕನಿಗೆ,

ಕಾರ್ಡು ಬಂತು. ಪೂರ್ತಿ ಪರೀಕ್ಷಿಸಿದೆ.

ಹಿಂದೆ ಗಡಿಯಾರಗಳು ಇವೆ. ಸೆಕೆಂಡಿಗೊಂದು ಟಿಕ್, ಕೆಲವು ಕಡೆ ಎರಡು. ಹೆಚ್ಚಿನವು ಗಿಡ್ಡ, ಒಂದು ಮಾತ್ರ ಉಳಿದವಕ್ಕಿಂತ ಎತ್ತರ, ಬಹುಶಃ ಬಾಗಿಲ ಹತ್ತಿರದ್ದು. ಅವೆಲ್ಲ ನಿಲ್ಲಬೇಕು. ನಾಲ್ಕನೇ ನಿಮಿಷದಿಂದ ನೀನು ಮೈಕಿನಿಂದ ದೂರ ಸರಿದಿದ್ದೀ. ಐದು ನಿಮಿಷ ಹತ್ತು ಸೆಕೆಂಡಿಗೆ ಏನೋ ಬಿತ್ತು. ಹೆಡ್‌ಫೋನಿನಲ್ಲಿ ತಡವಾಗಿ ಬರುವುದಕ್ಕೆ ಡಬ್ಬಿಯ ಮೇಲೆ ‘ಡೈರೆಕ್ಟ್’ ಎಂಬ ಗುಂಡಿ ಇರುತ್ತದೆ, ಒತ್ತು, ಆ ಹೆಂಗಸು ಹೋಗುತ್ತಾಳೆ.

ಮಾತಿಲ್ಲದ ಕಡೆಯೂ ಗೆರೆ ದಪ್ಪವಿದೆ, ಅಂದರೆ ಡಬ್ಬಿಯ ಉಸಿರು ಹೆಚ್ಚು. ಯೋಚಿಸಿದೆ. ಎರಡು ತೂತಿನ ಕಪ್ಪು ಡಬ್ಬಿಯೇ ಒಳ್ಳೆಯದಿರಬಹುದು. ಬದಲಾಯಿಸಿ ನೋಡು.

ಮುಂದಿನದನ್ನೂ ಹಾಳೆಯ ಜೊತೆಗೇ ಕಳಿಸು.

ನಿನ್ನ ತಮ್ಮ

*

ಫೆಬ್ರವರಿ 19

ತಮ್ಮ,

ಹನ್ನೆರಡು ಸಾಲಿನ ಪತ್ರ. ಗಡಿಯಾರಕ್ಕೆ ನಾಲ್ಕು ಸಾಲು, ಬಿದ್ದ ಚಮಚಕ್ಕೆ ಒಂದು, ಡಬ್ಬಿಗೆ ಮೂರು. ನನ್ನ ದನಿಗೆ ಒಂದಕ್ಷರವೂ ಇಲ್ಲ. ನಾನು ಕೇಳಿದ್ದು ಅದೊಂದೇ.

ಆದರೂ ನಿನ್ನ ಕಿವಿಗೆ ಕೈ ಮುಗಿಯಬೇಕು. ಪತ್ರ ಓದಿದ ಮೇಲೆ ನಾವಿಬ್ಬರೂ ಹೆಡ್‌ಫೋನು ಹಂಚಿಕೊಂಡು ಮೂರು ಸಲ ಕೇಳಿದೆವು. ಟಿಕ್ ಎಂಬುದು ನಮಗೆ ಎಲ್ಲೂ ಸಿಗಲಿಲ್ಲ. ನಿನ್ನ ಭಾವನಿಗೆ ಅವಮಾನವಾಗಿ, ‘ನನ್ನ ಗಡಿಯಾರ ನಂಗೇ ಕೇಳಿಸ್ಲಿಲ್ವಾ’ ಎಂದು ಮುಖ ಊದಿಸಿಕೊಂಡು ಕೂತರು. ಕೊನೆಗೆ ಸ್ಟೂಲು ಹತ್ತಿ ಒಂದೊಂದೇ ಲೋಲಕ ಹಿಡಿದು ನಿಲ್ಲಿಸಿದರು. ನಿಲ್ಲದವನ್ನು ಟ್ರಂಕಿನಲ್ಲಿಟ್ಟು ಕಂಬಳಿ ಹೊದಿಸಿದರು. ಮೂವತ್ತು ವರ್ಷದ ಸಂಸಾರದಲ್ಲಿ ಈ ಮನೆ ಇಷ್ಟು ಮೌನವಾಗಿದ್ದದ್ದು ನಾನು ಕಂಡಿಲ್ಲ. ಆಮೇಲೆ ಅವರು ನನ್ನ ಹಿಂದೆ ನಿಂತು, ಕೈಗಡಿಯಾರ ನೋಡಿಕೊಂಡು, ಹತ್ತು ನಿಮಿಷವಾದ ಕೂಡಲೇ ಬೆರಳೆತ್ತಿದರು.

ಡಬ್ಬಿಯ ಕಥೆ ಕೇಳು. ‘ಕೆಂಪು ಸಾಕು’ ಎಂದವನೂ ನೀನೇ, ‘ಕಪ್ಪು ತಗೋ’ ಎಂದವನೂ ನೀನೇ. ಅಂಗಡಿಯವನು ‘ಒಳಗಡೆ ಎರಡೂ ಒಂದೇ ಮೇಡಂ, ಇದಕ್ಕೆ ಇನ್ನೊಂದು ತೂತು ಜಾಸ್ತಿ ಅಷ್ಟೇ’ ಎಂದ. ಆದರೂ ನೀನು ಹೇಳಿದ್ದೀಯೆಂದು ಮೇಲಿಷ್ಟು ಕೊಟ್ಟು ಕಪ್ಪನ್ನೇ ತಂದೆ. ಇನ್ನು ಅವನು ಬದಲಾಯಿಸುವುದಿಲ್ಲ. ಎರಡನೇ ತೂತಿಗೆ ಧೂಳು ಹೋಗದಿರಲಿ ಎಂದು ನಿನ್ನ ಭಾವ ಹತ್ತಿ ತುರುಕಿದ್ದಾರೆ. ಒಂದರಲ್ಲೇ ಕೆಲಸ ನಡೆಯುತ್ತಿದೆ.

ಸಂಸ್ಥೆಯವರೇ ಕಳಿಸಿದ ಜೇನುನೊಣದ ಪಾಠ ಓದಿದ್ದೇನೆ. ಹಾಳೆ ಇದೆ. ಕಾರ್ಡಿಗೆ ನಿನ್ನ ಭಾವ ಹಾಕಿಕೊಟ್ಟರು. ಇದಕ್ಕಾದರೂ ಬಾಯಿ ಬಿಟ್ಟು ಹೇಳು. ನೀನು ಸುಮ್ಮನಿದ್ದರೆ ನಾನು ಏನು ತಿಳಿದುಕೊಳ್ಳಬೇಕೋ ಅದನ್ನೇ ತಿಳಿದುಕೊಳ್ಳುತ್ತೇನೆ.

ಅಕ್ಕ

*

ಫೆಬ್ರವರಿ 27

ಅಕ್ಕನಿಗೆ,

ಈ ಸಲದ್ದು ಬಹಳ ಚೆನ್ನಾಗಿದೆ. ಗಡಿಯಾರಗಳ ಸುಳಿವೇ ಇಲ್ಲ. ಮಾತಿನ ನಡುವಿನ ಬಿಡುವು ಕಾಗದದ ಹಾಗೆ ಬೆಳ್ಳಗಿದೆ. ನಿನ್ನ ಹಾಳೆಯ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಅನುಸರಿಸಿದೆ, ಒಂದು ಸಾಲೂ ತಪ್ಪಿಲ್ಲ. ರಾಣಿಜೇನಿನ ಭಾಗಕ್ಕೆ ಬಂದಾಗ ದನಿ ಏರಿಸಿದ್ದೀ, ಅದು ಸರಿಯಾಗಿದೆ. ಕೊನೆಗೆ ನಿಧಾನವಾಗಿ ಇಳಿಸಿದ್ದೂ ಸರಿ.

ದನಿ ಮೊದಲಿನಂತೆಯೇ ಇದೆ. ಚಿಂತೆ ಮಾಡಬೇಡ.

ಇದನ್ನೇ ಸಂಸ್ಥೆಗೆ ಕಳಿಸು. ಏನೂ ಬದಲಾಯಿಸಬೇಡ.

ನಿನ್ನ ತಮ್ಮ

*

ಮಾರ್ಚ್ 4

ತಮ್ಮ,

ನಿನ್ನ ಪತ್ರ ಓದಿ ಅಡುಗೆಮನೆಯಲ್ಲಿ ನಿಂತಲ್ಲೇ ಅತ್ತೆ. ಒಂದು ಗಂಟೆ ನನ್ನಷ್ಟು ಸುಖಿ ಯಾರೂ ಇರಲಿಲ್ಲ. ಆಮೇಲೆ ಸಂಸ್ಥೆಗೆ ಕಳಿಸೋಣವೆಂದು ನಿನಗೆ ಕಳಿಸಿದ್ದರ ಪ್ರತಿ ತೆರೆದೆ.

ಅದು ಜೇನುನೊಣದ ಪಾಠ ಅಲ್ಲ.

ಪಾಠ ಓದುವ ಮುಂಚೆ, ನಿನ್ನ ಭಾವ ಇನ್ನೂ ಹೊರಗೆ ಟ್ರಂಕಿಗೆ ಕಂಬಳಿ ಹೊದಿಸುತ್ತಿದ್ದಾಗ, ಹೊಸ ಡಬ್ಬಿ ಪರೀಕ್ಷಿಸೋಣವೆಂದು ಮೈಕಿನ ಮುಂದೆ ಕೂತಿದ್ದೆ. ಏನು ಹೇಳಲಿ ಎಂದು ತೋಚಲಿಲ್ಲ, ನಿನ್ನ ಮೇಲೆ ಕೋಪ ಮೂಗಿನ ತುದಿಯಲ್ಲೇ ಇತ್ತು, ಒಂಬತ್ತೂವರೆ ನಿಮಿಷ ನಿನ್ನನ್ನು ಬೈದೆ. ಪತ್ರದಲ್ಲಿ ಬರೆಯಲಾಗದ್ದನ್ನೆಲ್ಲ ಬೈದೆ. ಬೈದು ಮನಸ್ಸು ಹಗುರ ಮಾಡಿಕೊಂಡು ಪಾಠ ಓದಿದೆ. ನಿನ್ನ ಭಾವ ಕಣ್ಣಿಗೆ ಗಡಿಯಾರದ ಭೂತಗನ್ನಡಿ ಸಿಕ್ಕಿಸಿಕೊಂಡೇ ಕಾರ್ಡಿಗೆ ಹಾಕಿದರು. ಬೈಗುಳವೇ ನಿನಗೆ ಬಂದದ್ದು.

ಅದನ್ನು ನೀನು ಬೆರಳಿಟ್ಟು ಸಾಲು ಸಾಲಾಗಿ ಅನುಸರಿಸಿದೆ. ಒಂದು ಸಾಲೂ ತಪ್ಪಿಲ್ಲ ಎಂದೆ.

ಮೊದಲು ಅನಿಸಿದ್ದು, ಇವನಿಗೆ ಅಕ್ಕನ ದನಿ ಕೇಳಲು ಹತ್ತು ನಿಮಿಷ ಪುರುಸೊತ್ತಿಲ್ಲ, ಕೇಳದೇ ಹೊಗಳಿ ಕೈ ತೊಳೆದುಕೊಂಡಿದ್ದಾನೆ ಎಂದು. ಎರಡು ದಿನ ನಿನ್ನನ್ನು ಮತ್ತೆ ಬೈದೆ, ಈ ಸಲ ಮೈಕಿಲ್ಲದೆ. ಆದರೆ ನಿನ್ನ ಭಾವ ಒಪ್ಪಲಿಲ್ಲ. ಅವರು ಮಾತಾಡುವುದೇ ಕಡಿಮೆ. ತಿರುಪು ಬಿಗಿಯುತ್ತಾ ತಲೆ ಎತ್ತದೆ ಹೇಳಿದರು, ‘ಸುಮ್‌ಸುಮ್ನೆ ಸುಳ್ಳು ಹೇಳೋನಲ್ಲ ಅವ್ನು. ಕೇಳಿಲ್ಲ ಅಂದ್ರೆ, ಕೇಳೋಕಾಗಿಲ್ಲ ಅಂತ.’

ಆಗ ನಿನ್ನ ಪತ್ರಗಳನ್ನೆಲ್ಲ ಮೇಜಿನ ಮೇಲೆ ಹರಡಿದೆ. ಫೋನು ಎತ್ತುವುದಿಲ್ಲ. ಹಾಳೆ ಬೇಕು. ನಿಮಿಷದ ಗುರುತು ಬೇಕು. ಟಿಕ್ ‘ಎತ್ತರ’ ಇದೆ ಎಂದಿದ್ದೀ, ಗೆರೆ ‘ದಪ್ಪ’ ಇದೆ, ಬಿಡುವು ‘ಬೆಳ್ಳಗಿದೆ’. ಸದ್ದಿಗೆ ಎತ್ತರ, ದಪ್ಪ, ಬಣ್ಣ ಎಲ್ಲಿಂದ ಬಂತು? ನೀನು ಕೇಳಿಲ್ಲ. ಪರದೆಯ ಮೇಲೆ ನೋಡಿದ್ದೀ.

ನೇರವಾಗಿ ಕೇಳುತ್ತೇನೆ, ನೇರವಾಗಿ ಹೇಳು. ನಿನಗೆ ಕಿವಿ ಕೇಳಿಸುತ್ತಿದೆಯಾ?

ಅಕ್ಕ

*

ಮಾರ್ಚ್ 8

ಅಕ್ಕ,

ಇಲ್ಲ.

ಎಡಗಿವಿ ಎರಡು ವರ್ಷದ ಹಿಂದೆಯೇ ಹೋಯಿತು. ಬಲಗಿವಿಯಲ್ಲಿ ಬಾಗಿಲು ಧಡಾರೆಂದರೆ ಗೊತ್ತಾಗುತ್ತದೆ, ಮಾತು ಗೊತ್ತಾಗುವುದಿಲ್ಲ. ಡಾಕ್ಟರು ಕೊಟ್ಟ ಯಂತ್ರ ಸದ್ದನ್ನು ದೊಡ್ಡದು ಮಾಡುತ್ತದೆ, ತಿಳಿಯಾಗಿಸುವುದಿಲ್ಲ. ನಾಟಕ ಮಂದಿರದವರು ಒಳ್ಳೆಯವರು, ಮನೆಗೆ ಕಳಿಸಲಿಲ್ಲ. ಸೌಂಡ್ ಮೇಜಿನಿಂದ ಎಬ್ಬಿಸಿ ಸಾಮಾನು ಕೋಣೆಗೆ ಹಾಕಿದರು. ವೈರು ಸುತ್ತಿ ಕೊಡುತ್ತೇನೆ, ಸ್ಟ್ಯಾಂಡು ಎಣಿಸುತ್ತೇನೆ. ನೀನು ಲಕೋಟೆಯ ಮೇಲೆ ‘ಸೌಂಡ್ ಇಂಜಿನಿಯರ್’ ಎಂದು ದೊಡ್ಡದಾಗಿ ಬರೆದಾಗಲೆಲ್ಲ ಅದನ್ನು ಅಂಗಿಯ ಒಳಗೆ ಮುಚ್ಚಿಟ್ಟುಕೊಳ್ಳುತ್ತೇನೆ.

ಹೇಳಲಿಲ್ಲ ಯಾಕೆಂದರೆ ನಾಚಿಕೆ. ನಿನ್ನ ಎದುರಿಗೆ ನಾನು ಏನಾದರೂ ಆಗಿದ್ದರೆ ಕಿವಿಯಿಂದ ಆಗಿದ್ದೆ. ಅದಿಲ್ಲದೆ ನಿನ್ನ ಮುಂದೆ ಹೇಗೆ ನಿಲ್ಲಲಿ ಎಂದು ತಿಳಿಯಲಿಲ್ಲ.

ಪರದೆಯ ಮೇಲೆ ದನಿಯ ಗೆರೆ ಏರಿಳಿಯುವುದನ್ನು ನೋಡಿಯೇ ಎಲ್ಲ ಬರೆದೆ. ಮೊದಲ ಸಲ ದನಿಯ ಬಗ್ಗೆ ಸುಮ್ಮನಿದ್ದದ್ದು ಸುಳ್ಳು ಹೇಳಬಾರದೆಂದು. ನೀನು ನೊಂದುಕೊಂಡೆ, ಎರಡನೇ ಸಲ ಹೇಳಿಬಿಟ್ಟೆ. ಕಪ್ಪು ಡಬ್ಬಿ ತೆಗೆದುಕೋ ಎಂದದ್ದೂ ಗೊತ್ತಿಲ್ಲದೆ. ಗೆರೆ ದಪ್ಪವಾದದ್ದು ಡಬ್ಬಿಯಿಂದಲೋ ಗಡಿಯಾರಗಳಿಂದಲೋ ಕಿವಿಯಿದ್ದರೆ ಒಂದು ಕ್ಷಣದಲ್ಲಿ ಹೇಳುತ್ತಿದ್ದೆ. ಕಣ್ಣಿಗೆ ಅದು ತಿಳಿಯಲಿಲ್ಲ. ನಿನ್ನನ್ನು ವೃಥಾ ಅಲೆಸಿದೆ.

ನಿನ್ನ ಪತ್ರ ಬಂದ ಮೇಲೆ ಆ ಕಾರ್ಡನ್ನು ಟಿಕೆಟ್ ಕೌಂಟರಿನ ಅಮ್ಮನಿಗೆ ಕೊಟ್ಟು, ಕೇಳಿ ಬರೆದುಕೊಡಿ ಎಂದೆ. ಮೊದಲ ಹಾಳೆ ಬರೆಯುವಾಗ ನಗುತ್ತಿದ್ದರು. ಎರಡನೆಯದಕ್ಕೆ ನಗು ನಿಂತಿತು. ನಾಲ್ಕು ಹಾಳೆ ಆಯಿತು.

ಅದರಲ್ಲಿ ಎರಡು ವಿಷಯ ನನಗೆ ಗೊತ್ತೇ ಇರಲಿಲ್ಲ. ಒಂದು, ಬಸ್ ನಿಲ್ದಾಣಕ್ಕೆ ಯಂತ್ರ ಬಂದದ್ದು ಆಮೇಲೆ. ಅದಕ್ಕೂ ಮುಂಚೆ ನಿಲ್ದಾಣದ ಮ್ಯಾನೇಜರು ನಿನ್ನನ್ನು ಕರೆದು, ದನಿ ಒಡೆದಿದೆ, ಜನ ದೂರುತ್ತಿದ್ದಾರೆ ಎಂದಿದ್ದ. ಅದನ್ನು ನೀನು ನನಗೆ ಬರೆಯಲಿಲ್ಲ. ಅದಕ್ಕೇ ಅಲ್ಲವೇ ಪತ್ರಪತ್ರಕ್ಕೂ ದನಿ ಹೇಗಿದೆ ಎಂದು ಕೇಳಿದ್ದು? ನಾನು ಸುಮ್ಮನಿದ್ದಾಗ ಅವನ ಮಾತೇ ನಿಜ ಎಂದುಕೊಂಡಿರುತ್ತೀ.

ಎರಡು, ಹೋದ ವರ್ಷ ಭಾವನ ಕಣ್ಣಿನ ಆಪರೇಷನ್ನು. ನೀನು ಫೋನಿನಲ್ಲಿ ಆಸ್ಪತ್ರೆಯಿಂದ ಅಳುತ್ತಾ ಹೇಳಿದೆಯಂತೆ, ನಾನು ‘ಸಂತೋಷ ಅಕ್ಕ, ತುಂಬಾ ಸಂತೋಷ’ ಎಂದು ಇಟ್ಟುಬಿಟ್ಟೆನಂತೆ. ಅಕ್ಕ, ನಿನ್ನ ದನಿ ಏರಿಳಿಯುವುದು ಮಾತ್ರ ತಿಳಿಯುತ್ತಿತ್ತು. ಏನೋ ಒಳ್ಳೆಯ ಸುದ್ದಿ ಎಂದುಕೊಂಡೆ. ಆಪರೇಷನ್ ಆಗಿತ್ತೆಂದು ನನಗೆ ಗೊತ್ತಾದದ್ದು ನಿನ್ನೆ, ಮೂರನೇ ಹಾಳೆಯಲ್ಲಿ. ನಾನು ‘ರಾಣಿಜೇನು’ ಎಂದು ಬರೆದ ಜಾಗ ಅದೇ. ಭಾವನ ಕಾಲಿಗೆ ಬಿದ್ದೆನೆಂದು ಹೇಳು.

ನಿನ್ನ ದನಿಯ ಬಗ್ಗೆ ನಾನು ಹೇಳಲಾರೆ. ಇನ್ನು ಯಾವತ್ತೂ ಹೇಳಲಾರೆ. ಟಿಕೆಟಿನ ಅಮ್ಮ ಹೇಳಿದ್ದನ್ನು ನನ್ನ ಅಂಗೈ ಮೇಲೆ ಬರೆಸಿಕೊಂಡು ಇಲ್ಲಿ ಇಳಿಸುತ್ತಿದ್ದೇನೆ: ‘ಈಯಮ್ಮ ಬೈತಿದ್ರೂ ಎದ್ದು ಹೋಗೋಕೆ ಮನಸ್ಸು ಬರಲ್ಲ.’

ಪಾಠ ಕಳಿಸು. ನನ್ನ ಉತ್ತರಕ್ಕೆ ಕಾಯಬೇಡ, ದಿನ ಇಲ್ಲ.

ನಿನ್ನ ತಮ್ಮ

*

ಮಾರ್ಚ್ 30

ತಮ್ಮ,

ನಿನ್ನ ಪತ್ರ ಬಂದ ದಿನವೇ ಉತ್ತರ ಬರೆಯಲು ಕೂತೆ. ‘ಪ್ರೀತಿಯ’ ಎಂದು ಬರೆದು ಮುಂದೆ ಹೋಗಲಾಗಲಿಲ್ಲ. ಹನ್ನೊಂದು ಸಲ ಫೋನು ಮಾಡಿದೆನಲ್ಲ, ಅದು ನಿನ್ನ ಮೇಜಿನ ಮೇಲೆ ಹೊಳೆದು ಹೊಳೆದು ಆರುವುದನ್ನು ನೀನು ನೋಡುತ್ತಾ ಕೂತಿದ್ದಿರಬೇಕು. ನಾಚಿಕೆ ಅಂತೆ. ಬೈಗುಳಕ್ಕೆ ಇನ್ನೊಂದು ಕಾರ್ಡು ತುಂಬುವಷ್ಟು ಸರಕು ಕೊಟ್ಟಿದ್ದೀ. ನಾನಾದರೂ ಏನು ಕಮ್ಮಿ, ಮ್ಯಾನೇಜರು ಅಂದದ್ದನ್ನು ನುಂಗಿಕೊಂಡು ಯಂತ್ರದ ಕಥೆ ಕಟ್ಟಿದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ ಬೇರೆ ಸಾಕ್ಷಿ ಬೇಡ.

ನಿನ್ನ ಭಾವನಿಗೆ ಓದಿ ಹೇಳಿದೆ. ಕಣ್ಣು ಒರೆಸಿಕೊಂಡರು. ಕೇಳಿದರೆ ಗಡಿಯಾರದ ಎಣ್ಣೆ ಸಿಡಿಯಿತು ಎಂದರು.

ಪಾಠ ಕಳಿಸಿದೆ. ಸಂಸ್ಥೆಯಿಂದ ಉತ್ತರ ಬಂತು. ದನಿ ಹಿಡಿಸಿದೆ, ಇಂಥ ದನಿಯನ್ನೇ ಹುಡುಕುತ್ತಿದ್ದೆವು ಎಂದಿದ್ದಾರೆ. ಆ ಸಾಲನ್ನು ನಾನು ಎಷ್ಟು ಸಲ ಓದಿದೆ ಎಂದು ಕೇಳಬೇಡ. ಆದರೆ ಕೆಳಗೆ ಇನ್ನೊಂದು ಸಾಲಿದೆ. ಆರನೇ ನಿಮಿಷದಿಂದ ಹಿಂದುಗಡೆ ಟಿಕ್ ಟಿಕ್ ಇದೆಯಂತೆ. ಒಂದು ತಿಂಗಳು ಪರೀಕ್ಷೆಗೆಂದು ಕೆಲಸ ಕೊಡುತ್ತಾರೆ, ಪ್ರತಿ ಪಾಠವೂ ಚೊಕ್ಕವಾಗಿದ್ದರೆ ಮಾತ್ರ ವರ್ಷ ಪೂರ್ತಿ.

ಈಗ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಗೋಡೆಯ ಮೇಲಿನವೆಲ್ಲ ನಿಂತಿವೆ. ಟ್ರಂಕನ್ನು ಪಕ್ಕದ ಮನೆಗೇ ಸಾಗಿಸಿದೆವು. ಮತ್ತೆ ರೆಕಾರ್ಡ್ ಮಾಡಿದರೆ ಮತ್ತೆ ಟಿಕ್ ಇದೆ ಎನ್ನುತ್ತಾರೆ. ನಮಗಿಬ್ಬರಿಗೂ ಅದು ಕೇಳಿಸುವುದೇ ಇಲ್ಲ. ಮೂವತ್ತು ವರ್ಷ ಗಡಿಯಾರಗಳ ನಡುವೆ ಇದ್ದು ಇದ್ದು ಟಿಕ್ ಎಂಬ ಸದ್ದಿಗೆ ನಾವು ಕಿವುಡರಾಗಿದ್ದೇವೆ. ಅದು ಮೊನ್ನೆ ತಾನೇ ಗೊತ್ತಾಯಿತು. ನಗು ಬಂದರೆ ನಗು.

ಅದಕ್ಕೇ ಕೇಳುತ್ತಿದ್ದೇನೆ. ಪ್ರತಿ ಪಾಠವೂ ಮೊದಲು ನಿನ್ನ ಕಣ್ಣ ಮುಂದೆ ಹೋಗಬೇಕು. ನಮಗೆ ಕೇಳಿಸದ ಟಿಕ್ಕನ್ನು ನೀನೊಬ್ಬನೇ ಕಂಡವನು. ಕನಿಕರ ಎಂದುಕೊಂಡು ಮೂಗು ಮುರಿಯಬೇಡ. ನೀನು ಒಲ್ಲೆ ಎಂದರೆ ನನ್ನ ಕೆಲಸ ಹೋಗುತ್ತದೆ, ಅಷ್ಟೇ ವಿಷಯ.

ಈ ಪತ್ರದೊಳಗಿನ ಕಾರ್ಡಿಗೆ ಹಾಳೆ ಇಲ್ಲ. ಒಂದೇ ಮಾತನ್ನು ಮೂರು ಸಲ ಹೇಳಿದ್ದೇನೆ. ಯಾರ ಕೈಲೂ ಬರೆಸಿಕೊಳ್ಳಬೇಡ. ನೋಡಿ ಹೇಳು.

ನಿನ್ನ ಅಕ್ಕ

*

ಏಪ್ರಿಲ್ 6

ಅಕ್ಕ,

ಮೂರು ಸಲವೂ ಒಂದೇ ಆಕಾರ. ದುಂಡಗೆ ಒಂದು ದಿಬ್ಬ, ಸಣ್ಣದೊಂದು ತಗ್ಗು, ಆಮೇಲೆ ನಿಧಾನವಾಗಿ ಇಳಿಯುವ ಇನ್ನೊಂದು ದಿಬ್ಬ. ಇದನ್ನು ಮೊದಲೇ ಕಂಡಿದ್ದೆ. ನಿನ್ನ ಬೈಗುಳದ ಶುರುವಿಗೇ ಇದೆ, ಆಮೇಲೆ ನಡುನಡುವೆ ಇನ್ನೂ ಆರು ಕಡೆ. ಟಿಕೆಟಿನ ಅಮ್ಮನ ಹಾಳೆಗಳನ್ನು ಪಕ್ಕದಲ್ಲಿಟ್ಟು ಹುಡುಕಿದೆ. ಏಳು ಕಡೆಯೂ ಅವರು ಒಂದೇ ಪದ ಬರೆದಿದ್ದಾರೆ.

ಮಾತಿನ ನಡುವಿನ ಬಿಡುವಿನಲ್ಲಿ ಸಣ್ಣ ಸಣ್ಣ ಮುಳ್ಳುಗಳಿವೆ, ಸೆಕೆಂಡಿಗೆ ಐದು. ಗೋಡೆ ಗಡಿಯಾರ ಅಷ್ಟು ಬೇಗ ಬಡಿದುಕೊಳ್ಳುವುದಿಲ್ಲ. ಮೊದಲ ಬಿಡುವಿನಲ್ಲಿ ಗಿಡ್ಡ, ಎರಡನೆಯದರಲ್ಲಿ ಎತ್ತರ. ಅಂದರೆ ಅದು ನಡೆದುಕೊಂಡು ನಿನ್ನ ಹತ್ತಿರ ಬರುತ್ತಿದೆ. ಭಾವನ ಮಣಿಕಟ್ಟು ನೋಡು.

ಪಾಠಗಳನ್ನು ಕಳಿಸು.

ನಿನ್ನ
ಮೊಲ